ಹಾಲು ಹಾಕದವರ ಪಟ್ಟಿ

ಬಟವಾಡೆಯ ದಿನ ಬೆಳಗ್ಗೆ ಏಳೂವರೆಗೆ ಡೈರಿ ಕಾರ್ಯದರ್ಶಿಯವರ ಫೋನು ಬಂತು. "ಮೇಡಂ, ಪಟ್ಟಿ ತೆಗೆದೆ. ನೂರಾ ನಲವತ್ತೆರಡನೇ ನಂಬರಿನ ಅಮ್ಮನಿಗೆ ನಾವು ದುಡ್ಡು ಕೊಡೋದಲ್ಲ, ಅವರೇ ಸಂಘಕ್ಕೆ ಇಪ್ಪತ್ನಾಲ್ಕು ಸಾವಿರ ಕಟ್ಟಬೇಕು ಅಂತ ತೋರಿಸ್ತಾ ಇದೆ. ಹತ್ತು ಗಂಟೆಗೆ ಜನ ಬಂದುಬಿಡ್ತಾರೆ. ಏನಾದರೂ ಮಾಡ್ತೀರಾ?"

ಹಳೇ ಮೈಸೂರು ಸೀಮೆಯ ಕೆಲವು ಹಾಲು ಉತ್ಪಾದಕರ ಸಂಘಗಳ ಲೆಕ್ಕದ ತಂತ್ರಾಂಶ ನೋಡಿಕೊಳ್ಳುವುದು ನನ್ನ ಕೆಲಸ. ಆ ಅಮ್ಮನನ್ನು ನಾನು ಬಲ್ಲೆ. ಮನೆಯಲ್ಲಿ ಎರಡು ಹಸು. ಹೊತ್ತಿಗೆ ಎಂಟು ಲೀಟರಿನಂತೆ ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಕ್ಯಾನು ಹಿಡಿದು ಬರುತ್ತಾರೆ. ವಾರಕ್ಕೆ 14 ಸಲ, 112 ಲೀಟರ್. ಲೀಟರಿಗೆ 34 ರೂಪಾಯಿ ಹಿಡಿದರೆ 3,808 ರೂಪಾಯಿ. ಆ ವಾರ ಸಂಘದಿಂದಲೇ ಎರಡು ಮೂಟೆ ಪಶು ಆಹಾರವನ್ನು ಸಾಲಕ್ಕೆ ಒಯ್ದಿದ್ದರು. ಮೂಟೆಗೆ 1,150ರಂತೆ 2,300 ಮುರಿದುಕೊಂಡರೆ ಅವರ ಕೈಗೆ 1,508 ರೂಪಾಯಿ ಬರಬೇಕು. ಪರದೆಯ ಮೇಲೆ ಇದ್ದದ್ದು 24,584 ರೂಪಾಯಿಯ ಬಾಕಿ.

ಕಂಪ್ಯೂಟರು ಕೂಡಿಸುವುದರಲ್ಲಿ ತಪ್ಪಿರಲಿಲ್ಲ, ಕಳೆಯುವುದರಲ್ಲೂ ತಪ್ಪಿರಲಿಲ್ಲ. ಹಿಂದಿನ ರಾತ್ರಿ ಆ ಪಟ್ಟಿಗೆ ಪಶು ಆಹಾರದ ಕಡಿತವನ್ನು ಸೇರಿಸಿದ್ದು ನಾನೇ. ಹಾಲಿನ ಟೇಬಲ್ಲಿನಲ್ಲಿ ಆ ಅಮ್ಮನ ಹೆಸರಿಗೆ 14 ಸಾಲು, ಆಹಾರದ ಟೇಬಲ್ಲಿನಲ್ಲಿ 2 ಸಾಲು. ಎರಡನ್ನೂ ಸದಸ್ಯ ನಂಬರಿನ ಮೇಲೆ ಜಾಯಿನ್ ಮಾಡಿ ಎಂದು ಬರೆದಿದ್ದೆ. ಹಾಲಿನ ಪ್ರತಿ ಸಾಲೂ ಮೂಟೆಯ ಪ್ರತಿ ಸಾಲಿನ ಜೊತೆ ಕೈಹಿಡಿಯಿತು. 14 ಎರಡಲಿ 28 ಸಾಲು. ಹಾಲು ಎರಡು ಪಟ್ಟಾಗಿ 7,616 ಆಯಿತು, ಮೂಟೆಯ ಹಣ ಹದಿನಾಲ್ಕು ಪಟ್ಟಾಗಿ 32,200 ಆಯಿತು. ಎರಡು ಮೂಟೆ ಒಯ್ದವರು ಹದಿನಾಲ್ಕು ಸಲ ಎರಡೆರಡು ಮೂಟೆ ಹೊತ್ತ ಹಾಗೆ. ಮೂಟೆಯನ್ನೇ ಒಯ್ಯದ ಮನೆಗಳ ಲೆಕ್ಕ ಮಾತ್ರ ಸರಿಯಾಗಿತ್ತು. ಮಲಗುವ ಮುಂಚೆ ಒಂದೆರಡು ಸಾಲು ನೋಡಿ ಸರಿಯಿದೆ ಅಂದುಕೊಂಡಾಗ ನನ್ನ ಕಣ್ಣಿಗೆ ಬಿದ್ದದ್ದು ಅಂಥವೇ ಮನೆಗಳು.

ಹತ್ತು ಗಂಟೆಯ ಗಡುವಿನಲ್ಲಿ ಕೈಗೆ ಮೊದಲು ಸಿಕ್ಕುವ ಮದ್ದು ಡಿಸ್ಟಿಂಕ್ಟ್ ಅನ್ನುವ ಪದ. ಒಂದೇ ಥರದ್ದು ಎರಡು ಸಲ ಬಂದರೆ ಒಂದನ್ನು ಬಿಡು ಅನ್ನುತ್ತದೆ ಅದು. ಮೊತ್ತದ ಒಳಗೆ ಅದನ್ನು ತುರುಕಿದೆ. ಈಗ ಆ ಅಮ್ಮನ ವಾರದ ಹಾಲು ಎಂಟೇ ಲೀಟರ್ ಎಂದು ಬಂತು. ಅವರು ದಿನಾಲೂ ಎಂಟೆಂಟೇ ಲೀಟರ್ ಹಾಕಿದ್ದರಲ್ಲ. ಎಂಟು ಎಂಬ ಸಂಖ್ಯೆ ಹದಿನಾಲ್ಕು ಸಲ ಕಂಡದ್ದನ್ನು ಯಂತ್ರ ಒಂದೇ ಸಲವೆಂದು ಎಣಿಸಿತು. ಡಿಸ್ಟಿಂಕ್ಟಿಗೆ ಒಳ್ಳೆಯ ಬಳಕೆಗಳಿವೆ, ಒಂದನ್ನು ಮುಂದೆ ಹೇಳುತ್ತೇನೆ. ಆದರೆ ಸಾಲುಗಳು ಯಾಕೆ ಹೆಚ್ಚಾದವು ಎಂದು ತಿಳಿಯದೆ ಅದನ್ನು ಹಚ್ಚುವುದು ಹುಣ್ಣನ್ನು ನೋಡದೆ ಪಟ್ಟಿ ಕಟ್ಟಿದ ಹಾಗೆ ಎಂದು ಅವತ್ತಿನಿಂದ ನಂಬಿದ್ದೇನೆ.

ಸರಿಯಾದ ದಾರಿ ಸಣ್ಣದು. ಹಾಲನ್ನು ಸದಸ್ಯವಾರು ಮೊದಲೇ ಕೂಡಿಸಿ ತಲಾ ಒಂದು ಸಾಲು ಮಾಡಿಕೊಳ್ಳಬೇಕು. ಮೂಟೆಯ ಹಣವನ್ನೂ ಹಾಗೆಯೇ ಬೇರೆಯಾಗಿ ಕೂಡಿಸಿ ತಲಾ ಒಂದು ಸಾಲು ಮಾಡಿಕೊಳ್ಳಬೇಕು. ಆಮೇಲೆ ಒಂದಕ್ಕೊಂದು ಸೇರಿಸಬೇಕು. ಒಂದಕ್ಕೆ ಒಂದು ಸೇರಿದರೆ ಒಂದೇ. ಮೊದಲು ಕೂಡಿಸು, ಆಮೇಲೆ ಸೇರಿಸು: ನನ್ನ ಮೇಜಿನ ಮುಂದಿನ ಗೋಡೆಗೆ ಅಂಟಿಸಿಕೊಂಡಿರುವ ಚೀಟಿಯಲ್ಲಿ ಇರುವುದು ಈ ನಾಲ್ಕು ಪದ. ಒಂಬತ್ತೂಮುಕ್ಕಾಲಿಗೆ ಹೊಸ ಪಟ್ಟಿ ಡೈರಿಯ ಪ್ರಿಂಟರಿನಲ್ಲಿ ಬಂತು.

ಈ ಕೆಲಸಕ್ಕೆ ಬಂದ ಮೊದಲ ವರ್ಷಗಳಲ್ಲಿ ಕ್ವೆರಿ, ಅಂದರೆ ಡೇಟಾಬೇಸಿಗೆ ಕೇಳುವ ಪ್ರಶ್ನೆ, ಬರೆಯುವುದೆಂದರೆ ಒಂದು ಪರಭಾಷೆಯ ವ್ಯಾಕರಣವನ್ನು ಬಾಯಿಪಾಠ ಮಾಡುವುದು ಅಂದುಕೊಂಡಿದ್ದೆ. ಸೆಲೆಕ್ಟ್, ಫ್ರಮ್, ವೇರ್, ಗ್ರೂಪ್ ಬೈ, ಹ್ಯಾವಿಂಗ್, ಆರ್ಡರ್ ಬೈ. ಯಾವುದರ ಹಿಂದೆ ಯಾವುದು ಎನ್ನುವುದನ್ನು ಮಗ್ಗಿಯ ಹಾಗೆ ಉರು ಹೊಡೆದಿದ್ದೆ. ಒಂದು ದಿನ ಇದೇ ಕಾರ್ಯದರ್ಶಿಯವರು ಫೋನಿನಲ್ಲಿ ತಮಗೇನು ಬೇಕೆಂದು ಹೇಳುತ್ತಿದ್ದರು, ನಾನು ಕಾಗದದ ಮೇಲೆ ಗೀಚಿಕೊಳ್ಳುತ್ತಿದ್ದೆ. "ಹಾಲಿನ ಪುಸ್ತಕದಿಂದ, ಜೂನ್ ತಿಂಗಳಲ್ಲಿ ಹಾಕಿದ್ದನ್ನ, ಸದಸ್ಯವಾರು ಗುಂಪು ಮಾಡಿ, ನೂರು ಲೀಟರ್ ದಾಟಿದವರದು ನಂಬರು, ಮೊತ್ತ ಎರಡೂ ತೆಗೆದು, ಜಾಸ್ತಿಯಿಂದ ಕಮ್ಮಿಗೆ ಜೋಡಿಸಿ ಕೊಡಿ ಮೇಡಂ."

ಗೀಚಿದ್ದನ್ನು ಮತ್ತೊಮ್ಮೆ ಓದಿಕೊಂಡೆ. ಪುಸ್ತಕದಿಂದ ಅಂದದ್ದು ಫ್ರಮ್. ಜೂನಿನಲ್ಲಿ ಹಾಕಿದ್ದು ಅಂದದ್ದು ವೇರ್. ಗುಂಪು ಮಾಡಿ ಅಂದದ್ದು ಗ್ರೂಪ್ ಬೈ. ನೂರು ದಾಟಿದವರು ಅಂದದ್ದು ಹ್ಯಾವಿಂಗ್. ತೆಗೆದು ಅಂದದ್ದು ಸೆಲೆಕ್ಟ್. ಜೋಡಿಸಿ ಅಂದದ್ದು ಆರ್ಡರ್ ಬೈ. ಕ್ವೆರಿಯ ಭಾಷೆಯಾದ ಎಸ್‌ಕ್ಯುಎಲ್‌ನಲ್ಲಿ ಬರೆಯುವಾಗ ಸೆಲೆಕ್ಟ್ ಮೊದಲು ಬರುತ್ತದೆ, ಇಂಗ್ಲಿಷಿನ ಆಜ್ಞಾವಾಕ್ಯದಲ್ಲಿ ಕ್ರಿಯಾಪದ ಮೊದಲು ಬರುವ ಹಾಗೆ. ಆದರೆ ಅದರ ಅರ್ಥವನ್ನು ಬಿಡಿಸಿಕೊಳ್ಳಬೇಕಾದ ಕ್ರಮ ಬೇರೆ: ಮೊದಲು ಫ್ರಮ್, ಆಮೇಲೆ ವೇರ್, ಆಮೇಲೆ ಗ್ರೂಪ್ ಬೈ, ಹ್ಯಾವಿಂಗ್, ಆಮೇಲೆ ಸೆಲೆಕ್ಟ್, ಕಟ್ಟಕಡೆಗೆ ಆರ್ಡರ್ ಬೈ. ಕಾರ್ಯದರ್ಶಿಯವರು ಹೇಳಿದ್ದು ಅಕ್ಷರಶಃ ಅದೇ ಕ್ರಮದಲ್ಲಿತ್ತು. ಇಂದ ಎಂಬ ವಿಭಕ್ತಿ ಪ್ರತ್ಯಯದಿಂದ ಶುರುವಾಗಿ, ವಿಶೇಷಣಗಳನ್ನೆಲ್ಲ ದಾಟಿ, ಕ್ರಿಯಾಪದಕ್ಕೆ ಕೊನೆಯಲ್ಲಿ ಬರುವ ನಮ್ಮ ವಾಕ್ಯ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಅವತ್ತು ನನಗೆ ಆದ ಸಂತೋಷವನ್ನು ಎಷ್ಟು ಹೇಳಿದರೂ ಕಡಿಮೆಯೇ. ಅಲ್ಲಿಂದ ಈಚೆಗೆ ಯಾವುದೇ ಕ್ವೆರಿಯನ್ನು ಮೊದಲು ಕನ್ನಡದಲ್ಲಿ ಬಾಯಿಬಿಟ್ಟು ಹೇಳಿಕೊಂಡೇ ಬರೆಯುತ್ತೇನೆ.

ಇದರಿಂದ ಬಗೆಹರಿದ ಸಣ್ಣ ಗೋಜಲುಗಳು ಎಷ್ಟೋ. ಹೊಸಬರು ಸೆಲೆಕ್ಟ್‌ನಲ್ಲಿ ಒಂದು ಲೆಕ್ಕಕ್ಕೆ ಒಟ್ಟು ಎಂದು ಹೆಸರಿಟ್ಟು, ವೇರ್‌ನಲ್ಲಿ ಒಟ್ಟು ನೂರಕ್ಕಿಂತ ಹೆಚ್ಚಿರಲಿ ಎಂದು ಬರೆಯುತ್ತಾರೆ. ಅಂಥ ಕಾಲಮ್ಮೇ ಇಲ್ಲ ಎಂದು ಡೇಟಾಬೇಸ್ ಗದರುತ್ತದೆ. ಕನ್ನಡದಲ್ಲಿ ಹೇಳಿ ನೋಡಿದರೆ ಕಾರಣ ತಾನಾಗಿ ಹೊಳೆಯುತ್ತದೆ. ಗುಂಪೇ ಆಗಿಲ್ಲ, ಮೊತ್ತವೇ ಹುಟ್ಟಿಲ್ಲ. ವೇರ್ ಕೆಲಸ ಮಾಡುವ ಹೊತ್ತಿಗೆ ಆ ಹೆಸರು ಎಲ್ಲಿಂದ ಬರಬೇಕು? ಬಿಡಿ ಸಾಲನ್ನು ಸೋಸುವುದಕ್ಕೆ ವೇರ್, ಕಟ್ಟಿದ ಗುಂಪನ್ನು ಸೋಸುವುದಕ್ಕೆ ಹ್ಯಾವಿಂಗ್. ಹಿಟ್ಟನ್ನು ಒಂದು ಸಲ ಜರಡಿ ಹಿಡಿದು, ಮುದ್ದೆ ಕಟ್ಟಿದ ಮೇಲೆ ಚಿಕ್ಕ ಮುದ್ದೆಗಳನ್ನು ಬೇರೆ ಇಡುವ ಹಾಗೆ.

ಈ ಭಾಷೆಯನ್ನು ಕಟ್ಟಿದವರು ಬಯಸಿದ್ದೂ ಇಂಥದನ್ನೇ, ಮಾತಿನ ಹಾಗೆ ಓದಿಸಿಕೊಳ್ಳುವ ಕೇಳಿಕೆಯನ್ನು. ಎಡ್ಗರ್ ಕಾಡ್ ಎಂಬ ಗಣಿತಜ್ಞ ಇಂಗ್ಲೆಂಡಿನ ಪೋರ್ಟ್‌ಲಂಡ್ ದ್ವೀಪದಲ್ಲಿ 1923ರಲ್ಲಿ ಹುಟ್ಟಿದವರು, ಎರಡನೇ ಮಹಾಯುದ್ಧದಲ್ಲಿ ವಿಮಾನ ಹಾರಿಸಿದವರು. ಅಮೆರಿಕದ ಸ್ಯಾನ್ ಹೋಸೆಯ ಐಬಿಎಂ ಸಂಶೋಧನಾಲಯದಲ್ಲಿದ್ದಾಗ, 1970ರ ಜೂನ್‌ನಲ್ಲಿ ಒಂದು ಲೇಖನ ಪ್ರಕಟಿಸಿದರು. ಅದಕ್ಕೆ ಮುಂಚೆ ದೊಡ್ಡ ದತ್ತಾಂಶದಿಂದ ಏನಾದರೂ ತೆಗೆಯಬೇಕಾದರೆ ಅದು ಒಳಗೆ ಎಲ್ಲಿದೆ, ಯಾವ ಕೊಂಡಿ ಹಿಡಿದು ಹೋಗಬೇಕು ಎಂಬ ದಾರಿಯನ್ನು ಬರೆಯುವವನೇ ತಿಳಿದಿರಬೇಕಿತ್ತು. ಎಲ್ಲವನ್ನೂ ಸರಳ ಕೋಷ್ಟಕಗಳಲ್ಲಿ ಇಡೋಣ, ಬೇಕಾದ್ದೇನೆಂದು ಹೇಳಿದರೆ ಸಾಕು, ದಾರಿಯನ್ನು ಯಂತ್ರವೇ ಹುಡುಕಿಕೊಳ್ಳಲಿ ಎಂದರು ಕಾಡ್. ರಿಲೇಷನಲ್ ಎಂಬ ಹೆಸರು ಕೇಳಿ ಅದು ಟೇಬಲ್ಲುಗಳ ನಡುವಿನ ನೆಂಟಸ್ತಿಕೆ ಎಂದು ಬಹಳ ಜನ ತಿಳಿಯುತ್ತಾರೆ, ನಾನೂ ತಿಳಿದಿದ್ದೆ. ಗಣಿತದಲ್ಲಿ ರಿಲೇಷನ್ ಅಂದರೆ ಆ ಕೋಷ್ಟಕವೇ. 1974ರಲ್ಲಿ ಅದೇ ಐಬಿಎಂನ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಕಾಡ್ ಅವರ ಗಣಿತಕ್ಕೆ ಇಂಗ್ಲಿಷಿನ ಉಡುಪು ತೊಡಿಸಿ ಸೀಕ್ವೆಲ್ ಎಂಬ ಭಾಷೆಯನ್ನು ಮುಂದಿಟ್ಟರು. ಆ ಹೆಸರಿನ ಹಕ್ಕು ಒಂದು ಬ್ರಿಟಿಷ್ ವಿಮಾನ ಕಂಪನಿಯದಾಗಿದ್ದರಿಂದ ಅದು ಎಸ್‌ಕ್ಯುಎಲ್ ಆಯಿತು. ಬಾಯ್ಸ್ ಅದೇ ವರ್ಷ ತೀರಿಹೋದರು, ಮೂವತ್ತು ತುಂಬಿರಲಿಲ್ಲ. ತಾವು ಕೂಡಿ ಬರೆದ ಭಾಷೆ ಜಗತ್ತಿನ ಬ್ಯಾಂಕು, ರೈಲು, ಆಸ್ಪತ್ರೆಗಳ ಲೆಕ್ಕ ಹಿಡಿಯುವುದನ್ನು ಅವರು ನೋಡಲಿಲ್ಲ. ನಮ್ಮಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಕರ್ನಾಟಕ ಡೈರಿ ಅಭಿವೃದ್ಧಿ ನಿಗಮ ಶುರುವಾದದ್ದೂ 1974ರಲ್ಲಿಯೇ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಸಂಗತಿ. ಆದರೂ ನನ್ನ ದಿನದ ಕೆಲಸದಲ್ಲಿ ಆ ಎರಡೂ ಸೇರುವುದರಿಂದ ಆ ಇಸವಿಯ ಮೇಲೆ ನನಗೊಂದು ಅಕ್ಕರೆ.

ಬೇಕಾದ್ದೇನೆಂದು ಹೇಳಿದರೆ ಸಾಕು ಎಂದರಲ್ಲ ಕಾಡ್, ಕಷ್ಟವಿರುವುದು ಆ ಹೇಳುವುದರಲ್ಲೇ. ಸಂಘದ ಚುನಾವಣೆ ಬಂತು. ವರ್ಷದಲ್ಲಿ ಇಷ್ಟು ದಿನ ಹಾಲು ಹಾಕಿದವರಿಗೆ ಮಾತ್ರ ಮತ. ಪ್ರತಿಯೊಬ್ಬರೂ ಎಷ್ಟು ದಿನ ಹಾಕಿದ್ದಾರೆ ಎಂದು ಪಟ್ಟಿ ಕೇಳಿದರು. ಸಾಲುಗಳನ್ನು ಎಣಿಸಿ ಕೊಟ್ಟರೆ ಎರಡು ಹೊತ್ತೂ ಹಾಕಿದವರಿಗೆ ದಿನವೊಂದು ಎರಡಾಗಿ ಕಾಣುತ್ತದೆ, ಒಂದೇ ಹೊತ್ತು ಹಾಕುವ ಬಡ ಮನೆಗೆ ಅನ್ಯಾಯವಾಗುತ್ತದೆ. ಎಷ್ಟು ಸಲ ಎನ್ನುವುದು ಬೇರೆ, ಎಷ್ಟು ದಿನ ಎನ್ನುವುದು ಬೇರೆ. ದಿನಾಂಕಗಳನ್ನು ಡಿಸ್ಟಿಂಕ್ಟ್ ಮಾಡಿ ಎಣಿಸಬೇಕು. ಆ ಪದ ನಿಜವಾಗಿ ಬೇಕಾಗಿದ್ದದ್ದು ಇಲ್ಲಿ. ಕ್ವೆರಿಯ ಎರಡು ರೂಪಗಳ ನಡುವೆ ಇರುವುದು ಒಂದೇ ಒಂದು ಪದದ ಅಂತರ. ಅದು ತಪ್ಪಿದರೆ ಒಬ್ಬ ರೈತ ಮತಗಟ್ಟೆಯಿಂದ ಹಾಗೇ ಹಿಂದಿರುಗಬೇಕಾಗುತ್ತದೆ, ಅಥವಾ ಹಕ್ಕಿಲ್ಲದವನು ಮತ ಹಾಕುತ್ತಾನೆ.

ದಿನಾಂಕದ ವಿಷಯ ಬಂದಾಗ ಇನ್ನೊಂದು ಮಾತು. 1ರಿಂದ 15ರವರೆಗೆ ಅಂದರೆ ಮನುಷ್ಯರೆಲ್ಲ ಹದಿನೈದನೆಯ ದಿನವನ್ನೂ ಸೇರಿಸಿಕೊಳ್ಳುತ್ತಾರೆ. ಬಿಟ್ವೀನ್ ಎಂಬ ಪದವೂ ಎರಡು ತುದಿಗಳನ್ನು ಸೇರಿಸಿಕೊಳ್ಳುತ್ತದೆ. ಆದರೆ ಕಾಲಮ್ಮಿನಲ್ಲಿ ದಿನಾಂಕದ ಜೊತೆ ಗಂಟೆ ನಿಮಿಷವೂ ಇದ್ದರೆ, ಬರೀ 15 ಎಂದು ಬರೆದದ್ದನ್ನು ಡೇಟಾಬೇಸ್ ಹದಿನೈದರ ನಡುರಾತ್ರಿ ಸೊನ್ನೆ ಗಂಟೆ ಎಂದು ಓದುತ್ತದೆ. ಆ ಬೆಳಗಿನ ಹಾಲು ಅಳೆದದ್ದು ಆರು ಗಂಟೆಗೆ, ಸಂಜೆಯದು ಐದಕ್ಕೆ. ಎರಡೂ ಲೆಕ್ಕದಿಂದ ಹೊರಗೆ. ಇಡೀ ಊರಿನ ಒಂದು ದಿನದ ಹಾಲು ಸದ್ದಿಲ್ಲದೆ ಮಾಯವಾಗುತ್ತದೆ. ಒಂದನೇ ತಾರೀಖು ಅಥವಾ ಅದರ ಮೇಲೆ, ಹದಿನಾರಕ್ಕಿಂತ ಕೆಳಗೆ ಎಂದು ಬರೆದರೆ ಈ ಭಯವಿಲ್ಲ. ಕೆಲವರು ದಿನಾಂಕದಿಂದ ತಿಂಗಳನ್ನು ಕಿತ್ತು ತೆಗೆದು ಆರಕ್ಕೆ ಸಮವಾಗಿರಲಿ ಎಂದು ಬರೆಯುತ್ತಾರೆ. ಅದರಿಂದ ಹಿಂದಿನ ವರ್ಷಗಳ ಜೂನ್ ಕೂಡ ನುಸುಳುತ್ತದೆ. ಜೊತೆಗೆ, ತಾರೀಖಿನ ಪ್ರಕಾರ ಜೋಡಿಸಿಟ್ಟ ಇಂಡೆಕ್ಸನ್ನು ಬಳಸಲಾಗದೆ ಸಾಮಾನ್ಯವಾಗಿ ಡೇಟಾಬೇಸ್ ಪ್ರತಿಯೊಂದು ಸಾಲಿನ ತಿಂಗಳನ್ನೂ ಲೆಕ್ಕ ಹಾಕುತ್ತ ಕೂರುತ್ತದೆ.

ಹೆಸರುಗಳ ಕಥೆ ದೊಡ್ಡದು, ಅದರಲ್ಲೂ ಕನ್ನಡದ ಹೆಸರುಗಳದು. ಒಂದು ಸಂಘದಲ್ಲಿ ರಮೇಶ್ ಎಂಬವರ ಸಾಲದ ಖಾತೆ ಮತ್ತು ಹಾಲಿನ ಖಾತೆ ಹೊಂದುತ್ತಲೇ ಇರಲಿಲ್ಲ. ಎರಡು ಕಡೆಯೂ ರಮೇಶ್ ಎಂದೇ ಇತ್ತು. ಹತ್ತಿರದಿಂದ ನೋಡಿದರೂ, ದೊಡ್ಡದು ಮಾಡಿ ನೋಡಿದರೂ ಅದೇ ಮೂರು ಅಕ್ಷರ. ಉದ್ದವನ್ನು ಅಳೆಯುವ ಫಂಕ್ಷನ್ ಹಾಕಿ ನೋಡಿದೆ. ಒಂದು ಕಡೆ 5, ಇನ್ನೊಂದು ಕಡೆ 6. ರ, ಮ, ಏತ್ವ, ಶ, ಅರ್ಧಾಕ್ಷರದ ಚಿಹ್ನೆ, ಇಷ್ಟು ಐದು. ಆರನೆಯದು ಕಣ್ಣಿಗೆ ಕಾಣದ್ದು, ಅಗಲವೇ ಇಲ್ಲದ ಒಂದು ಅಕ್ಷರ. ಬ್ಯಾಂಕ್‌ನಲ್ಲಿ ಎಂದು ಬರೆಯುವಾಗ ನಕಾರ ಒತ್ತಾಗಿ ಕೆಳಗಿಳಿಯದಂತೆ ತಡೆಯುವುದಕ್ಕೆ ಯೂನಿಕೋಡ್ ಇಟ್ಟಿರುವ ತಡೆಗೋಲು ಅದು. ಕೆಲವು ಕೀಲಿಮಣೆಗಳು ಪದದ ಕೊನೆಯ ಅರ್ಧಾಕ್ಷರಕ್ಕೂ ಅದನ್ನು ತಾವಾಗಿ ಸೇರಿಸುತ್ತವೆ. ಬೇರೆ ಬೇರೆ ಇಬ್ಬರು ಬೇರೆ ಬೇರೆ ಕೀಲಿಮಣೆಯಲ್ಲಿ ಹೆಸರು ಹೊಡೆದಿದ್ದರು. ಹಳೆಯ ಫಾಂಟುಗಳಲ್ಲಿ ಹೊಡೆದ ಹೆಸರುಗಳದ್ದು ಇನ್ನೂ ಬೇರೆ ಪಾಡು. ಆ ಫಾಂಟು ಇಲ್ಲದ ಕಡೆ ಅವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಂತೆ. ಕಾಲಮ್ಮನ್ನೇ ಕನ್ನಡಕ್ಕೆ ಹೊಂದುವಂತೆ ಮಾಡದಿದ್ದರಂತೂ ಇಡೀ ಊರಿನ ಹೆಸರುಗಳು ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳಾಗಿ ನಿಲ್ಲುತ್ತವೆ. ಹಾಗೆ ಒಮ್ಮೆ ಪ್ರಶ್ನೆಯಾಗಿ ಉಳಿದ ಹೆಸರನ್ನು ಮತ್ತೆ ಪಡೆಯುವ ದಾರಿಯಿಲ್ಲ, ಮತ್ತೆ ಹೋಗಿ ಕೇಳಿ ಬರೆಯಬೇಕು. ಅಕಾರಾದಿಯಾಗಿ ಜೋಡಿಸು ಎಂದಾಗಲೂ, ಅಕ್ಷರದ ಸಂಕೇತಸಂಖ್ಯೆಯನ್ನೇ ನೋಡಿ ಜೋಡಿಸುವ ಡೇಟಾಬೇಸು ಳಕಾರವನ್ನು ಲಕಾರದ ಪಕ್ಕದಲ್ಲಿಡುತ್ತದೆ. ನಮ್ಮ ವರ್ಣಮಾಲೆಯಲ್ಲಿ ಅದರ ಜಾಗ ಹಕಾರದ ಆಚೆ.

ಇದಕ್ಕೆಲ್ಲ ಊರಿನವರು ಕಂಡುಕೊಂಡ ಪರಿಹಾರ ನಮಗಿಂತ ಹಳೆಯದು. ಲಕ್ಷ್ಮಮ್ಮ ಎಂಬ ಹೆಸರಿನವರು ಒಂದೇ ಊರಿನಲ್ಲಿ ಏಳೆಂಟು ಜನ ಇರುತ್ತಾರೆ. ಡೈರಿಯ ಕಟ್ಟೆಯ ಮೇಲೆ ಕ್ಯಾನು ಇಡುವಾಗ ಯಾರೂ ಹೆಸರು ಹೇಳುವುದಿಲ್ಲ. "ನಂದು ನೂರಾ ನಲವತ್ತೆರಡು ಕಣಪ್ಪ" ಅನ್ನುತ್ತಾರೆ. ಪ್ರೈಮರಿ ಕೀ ಎಂದರೇನೆಂದು ಹೊಸ ಹುಡುಗರಿಗೆ ವಿವರಿಸಬೇಕಾದಾಗ ನಾನು ಅವರನ್ನು ಒಂದು ಸಂಜೆ ಡೈರಿಗೆ ಕರೆದುಕೊಂಡು ಹೋಗುತ್ತೇನೆ. ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಸಲ್ಲದ್ದು, ಖಾಲಿ ಇರಬಾರದ್ದು: ಈ ಮೂರೂ ಅಲ್ಲಿ ಕಣ್ಣ ಮುಂದೆ ನಡೆಯುತ್ತಿರುತ್ತದೆ. ಜಾಯಿನ್ ಮಾಡುವುದಾದರೆ ಆ ನಂಬರಿನ ಮೇಲೆ ಮಾಡಬೇಕು, ಹೆಸರಿನ ಮೇಲೆ ಎಂದಿಗೂ ಅಲ್ಲ. ಆ ನಂಬರನ್ನು ಅಕ್ಷರದ ಕಾಲಮ್ಮಿನಲ್ಲಿ ಇಟ್ಟರೆ ಮಾತ್ರ ಪಟ್ಟಿಯಲ್ಲಿ 1 ಆದ ಮೇಲೆ 10, ಅದಾದ ಮೇಲೆ 100, ಆಮೇಲೆ 2 ಬರುತ್ತದೆ. ಕಾಲಮ್ಮು ಅಂಕಿಯದಾಗಿದ್ದರೆ ಅದು ತಾನಾಗಿ ಸರಿಹೋಗುತ್ತದೆ.

ಇದ್ದದ್ದನ್ನು ತಿದ್ದುವ ಅಪ್‌ಡೇಟ್ ಬಗ್ಗೆ ಎರಡೇ ಮಾತು. ಎಷ್ಟೋ ವರ್ಷದ ಕೆಳಗೆ ಒಬ್ಬ ಸದಸ್ಯರ ಬ್ಯಾಂಕ್ ಖಾತೆ ಸಂಖ್ಯೆ ತಿದ್ದಲು ಹೋಗಿ ವೇರ್ ಬರೆಯುವುದನ್ನು ಬಿಟ್ಟೆ. ಒಂದು ಸಾಲು ಬದಲಾಯಿತು ಎಂದು ಬರಬೇಕಾದ ಕಡೆ 312 ಎಂದು ಬಂತು. ಊರಿನವರೆಲ್ಲರ ಹಣ ಒಬ್ಬರ ಖಾತೆಗೆ ಹೋಗುವಂತಾಗಿತ್ತು. ಹಿಂದಿನ ರಾತ್ರಿಯ ಬ್ಯಾಕಪ್ಪಿನಿಂದ ತಂದು ಕೂರಿಸಿ, ಆ ದಿನದ ಹಾಲನ್ನು ಚೀಟಿ ನೋಡಿ ಮತ್ತೆ ತುಂಬಿದೆವು. ಕೈ ನಡುಗುತ್ತಿತ್ತು. ಅಂದಿನಿಂದ ತಿದ್ದುವ ಮುಂಚೆ ಅದೇ ವೇರ್ ಇಟ್ಟು ಸೆಲೆಕ್ಟ್ ಮಾಡಿ ಸಾಲುಗಳನ್ನು ಕಣ್ಣಾರೆ ನೋಡುತ್ತೇನೆ. ಟ್ರಾನ್ಸಾಕ್ಷನ್ ಶುರು ಮಾಡಿ, ಎಣಿಕೆ ಸರಿಯಿದ್ದರೆ ಕಮಿಟ್ ಎಂದು ಖಾಯಂ ಮಾಡುತ್ತೇನೆ, ಇಲ್ಲದಿದ್ದರೆ ರೋಲ್‌ಬ್ಯಾಕ್ ಎಂದು ಮೊದಲಿದ್ದ ಹಾಗೆ ಮಾಡುತ್ತೇನೆ.

ಇಷ್ಟೆಲ್ಲ ತಿಳಿದ ಮೇಲೂ ನನ್ನನ್ನು ಇವತ್ತಿಗೂ ನಿಲ್ಲಿಸಿ ಯೋಚಿಸುವಂತೆ ಮಾಡುವುದು ಖಾಲಿ ಜಾಗ. ಡೇಟಾಬೇಸಿನಲ್ಲಿ ಅದಕ್ಕೆ ನಲ್ ಎನ್ನುತ್ತಾರೆ. ಸೊನ್ನೆ ಬೇರೆ, ನಲ್ ಬೇರೆ. ಒಂದು ವಾರ ಡೈರಿಯ ಫ್ಯಾಟ್ ಅಳೆಯುವ ಯಂತ್ರ ಎರಡು ಹೊತ್ತು ಕೆಟ್ಟಿತ್ತು. 14 ಸಲದಲ್ಲಿ 12 ಸಲದ ಫ್ಯಾಟ್ ಮಾತ್ರ ಗೊತ್ತು, ಪ್ರತಿ ಸಲವೂ 4.2. ಗೊತ್ತಿಲ್ಲದ ಎರಡನ್ನು ನಲ್ ಎಂದು ಬಿಟ್ಟರೆ ಸರಾಸರಿ ಹನ್ನೆರಡರ ಮೇಲೆ ಬರುತ್ತದೆ, 4.2. ಆಪರೇಟರು ಖಾಲಿ ಬಿಡಬಾರದೆಂದು ಸೊನ್ನೆ ಹೊಡೆದಿದ್ದರೆ ಸರಾಸರಿ 3.6ಕ್ಕೆ ಇಳಿಯುತ್ತದೆ. ಹಾಲಿನ ದರ ನಿಲ್ಲುವುದು ಫ್ಯಾಟಿನ ಮೇಲೆ. ಪಾಯಿಂಟು ಇಳಿದಂತೆ ರೂಪಾಯಿ ಇಳಿಯುತ್ತದೆ. ಯಂತ್ರ ಕೆಟ್ಟದ್ದಕ್ಕೆ ಹಸುವಿನ ಹಾಲು ನೀರಾಗಿದೆ ಎಂದು ಲೆಕ್ಕ ಹೇಳಿದಂತಾಗುತ್ತದೆ. ಗೊತ್ತಿಲ್ಲ ಎಂದು ಹೇಳುವ ಪ್ರಾಮಾಣಿಕತೆಯನ್ನು ಒಂದು ಯಂತ್ರಕ್ಕೆ ಕಲಿಸಿಟ್ಟಿದ್ದಾರಲ್ಲ, ಅದರ ಬಗ್ಗೆ ನನಗೆ ಗೌರವವಿದೆ.

ಆ ಪ್ರಾಮಾಣಿಕತೆಗೆ ತನ್ನದೇ ತರ್ಕವೂ ಇದೆ. ಗೊತ್ತಿಲ್ಲದ್ದು ಗೊತ್ತಿಲ್ಲದ್ದಕ್ಕೆ ಸಮವೇ ಎಂದು ಕೇಳಿದರೆ ಹೌದು ಅನ್ನುವುದಿಲ್ಲ, ಅಲ್ಲ ಅನ್ನುವುದೂ ಇಲ್ಲ. ಗೊತ್ತಿಲ್ಲ ಎನ್ನುತ್ತದೆ. ಹೀಗೆ ಎಸ್‌ಕ್ಯುಎಲ್‌ನಲ್ಲಿ ಉತ್ತರ ಮೂರು ಬಗೆ. ವೇರ್ ಒಳಗೆ ಬಿಡುವುದು ಹೌದು ಅಂದವರನ್ನು ಮಾತ್ರ. ಇದರ ಬಿಸಿ ತಟ್ಟಿದ್ದು ಕಾರ್ಯದರ್ಶಿಯವರು, "ಈ ವಾರ ಒಂದು ಸಲವೂ ಹಾಲು ಹಾಕದವರು ಯಾರ್ಯಾರು, ಪಟ್ಟಿ ಕೊಡಿ ಮೇಡಂ" ಎಂದಾಗ. ಸುಲಭವೆಂದುಕೊಂಡೆ. ಸದಸ್ಯರ ಟೇಬಲ್ಲಿನಿಂದ, ಈ ವಾರದ ಹಾಲಿನ ಸಾಲುಗಳಲ್ಲಿ ಯಾರ ನಂಬರು ಇಲ್ಲವೋ ಅವರನ್ನು ತೆಗೆ. ನಾಟ್ ಇನ್ ಎಂದು ಬರೆದೆ. ಉತ್ತರ ಬಂತು: ಒಬ್ಬರೂ ಇಲ್ಲ. ಇಡೀ ಊರು ಹಾಲು ಹಾಕಿದೆ.

ಅದು ಸಾಧ್ಯವಿರಲಿಲ್ಲ. ಹಾಲಿನ ಸಾಲುಗಳನ್ನು ಒಂದೊಂದಾಗಿ ನೋಡುತ್ತ ಹೋದಾಗ ಒಂದು ಸಂಜೆಯ ಸಾಲಿನಲ್ಲಿ ಸದಸ್ಯ ನಂಬರಿನ ಜಾಗ ಖಾಲಿ ಇತ್ತು. ಯಾರೋ ಅವಸರದಲ್ಲಿ ಕ್ಯಾನು ಇಟ್ಟು ಹೋಗಿದ್ದರು. ಆ ಒಂದು ಖಾಲಿಯಿಂದ ಎಲ್ಲ ಕೆಟ್ಟಿತ್ತು. 57ನೇ ನಂಬರಿನವರು ಈ ಪಟ್ಟಿಯಲ್ಲಿ ಇಲ್ಲವೇ ಎಂದು ಕೇಳಿದರೆ, ಆ ಗುರುತಿಲ್ಲದ ಕ್ಯಾನು 57ರದೇ ಇದ್ದೀತು, ಇಲ್ಲದಿರಲೂಬಹುದು, ಗೊತ್ತಿಲ್ಲ. 58ಕ್ಕೂ ಅದೇ, 59ಕ್ಕೂ ಅದೇ. ಯಾರಿಗೂ ಇಲ್ಲ ಎಂದು ಖಚಿತವಾಗಿ ಹೇಳಲಾಗದೆ ಡೇಟಾಬೇಸ್ ಒಬ್ಬರನ್ನೂ ಪಟ್ಟಿಗೆ ಹಾಕಲಿಲ್ಲ. ತರ್ಕ ಸರಿಯಾಗಿದೆ. ಅಷ್ಟು ಸೂಕ್ಷ್ಮವಾದ ಪ್ರಶ್ನೆಯನ್ನು ಕೇಳುತ್ತಿದ್ದೇನೆಂದು ನನಗೆ ತಿಳಿದಿರಲಿಲ್ಲ.

ಕೇಳುವ ರೀತಿ ಬದಲಿಸಿದೆ. ಸದಸ್ಯರ ಟೇಬಲ್ಲನ್ನು ಎಡಗಡೆ ಇಟ್ಟು ಹಾಲಿನ ಟೇಬಲ್ಲಿಗೆ ಲೆಫ್ಟ್ ಜಾಯಿನ್ ಮಾಡುವುದು. ಹೊಂದುವ ಸಾಲು ಸಿಗಲಿ, ಸಿಗದಿರಲಿ, ಎಡಗಡೆಯವರು ಉಳಿಯುತ್ತಾರೆ. ಹೊಂದುವ ಸಾಲೇ ಸಿಗದವರ ಬಲಗಡೆ ಪೂರ್ತಿ ಖಾಲಿ. ಆ ಖಾಲಿ ಇರುವವರನ್ನು ಆರಿಸಿದರೆ ಹಾಲು ಹಾಕದವರ ಪಟ್ಟಿ. ಇಲ್ಲಿಯೂ ಒಂದು ಎಚ್ಚರ ಬೇಕು. ಈ ವಾರ ಎಂಬ ಷರತ್ತನ್ನು ಅಭ್ಯಾಸಬಲದಿಂದ ವೇರ್‌ನಲ್ಲಿ ಬರೆದರೆ, ಖಾಲಿ ಇರುವವರ ದಿನಾಂಕವೂ ಖಾಲಿಯಾದ್ದರಿಂದ ಅವರೇ ಮೊದಲು ಹೊರಬೀಳುತ್ತಾರೆ. ಬಾಗಿಲು ತೆರೆದು ಒಳಗೆ ಕರೆದು, ಪಂಕ್ತಿಯಲ್ಲಿ ಕೂತ ಮೇಲೆ ಎಬ್ಬಿಸಿದ ಹಾಗೆ. ಅದನ್ನು ಜಾಯಿನ್‌ನ ಆನ್ ಎಂಬಲ್ಲಿಯೇ, ಜೋಡಿ ಕೂಡಿಸುವ ಹೊತ್ತಿನಲ್ಲಿಯೇ ಹೇಳಬೇಕು. ನಾಟ್ ಎಕ್ಸಿಸ್ಟ್ಸ್ ಎಂದು ಬರೆದರೂ ಇದೇ ಉತ್ತರ ಬರುತ್ತದೆ, ಮತ್ತು ಹಾಲಿನ ಕಡೆಯ ಆ ಗುರುತಿಲ್ಲದ ಕ್ಯಾನು ಅದನ್ನು ಕೆಡಿಸುವುದಿಲ್ಲ. ಎರಡೂ ರೀತಿಯಲ್ಲಿ ಬರೆದು ತಾಳೆ ನೋಡಿದೆ. ಎರಡರಲ್ಲೂ 9 ಹೆಸರು.

ಆ ಸಂಜೆ ಪಟ್ಟಿಯನ್ನು ನಾನೇ ಡೈರಿಗೆ ಒಯ್ದೆ. ಹಾಲು ಅಳೆಯುವುದು ಮುಗಿದು, ಕ್ಯಾನುಗಳ ಲಾರಿ ಹೋಗಿ, ನೆಲ ತೊಳೆಯುತ್ತಿದ್ದರು. ಕಾರ್ಯದರ್ಶಿಯವರು ಕನ್ನಡಕ ಏರಿಸಿ ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟು ಓದತೊಡಗಿದರು.

"ಇವರದ್ದು ಬತ್ತೈತೆ, ಇನ್ನೆರಡು ತಿಂಗಳು ಹಾಲಿಲ್ಲ. ಇವರ ಮನೇಲಿ ಮಗಳ ಮದುವೆ, ಹಾಲೆಲ್ಲ ಮನೆಗೇ ಬೇಕಾಯ್ತು. ಇವರು ಹೋಗಿ ಆರು ತಿಂಗಳಾಯ್ತಲ್ಲ ಮೇಡಂ, ಹೆಸರು ಇನ್ನೂ ಐತಾ? ಇವರು ಹಸು ಮಾರಿಬಿಟ್ರು. ಇವರು ಪಕ್ಕದೂರಿನ ಖಾಸಗಿಯವರಿಗೆ ಹಾಕ್ತಿದಾರೆ, ನಾನು ಹೋಗಿ ಮಾತಾಡ್ಬೇಕು."

ನಾನು ಪೆನ್ನು ತೆಗೆದು ಪ್ರತಿ ಹೆಸರಿನ ಮುಂದೆ ಅವರು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದೆ. ನನ್ನ ಟೇಬಲ್ಲಿನಲ್ಲಿ ಒಂಬತ್ತು ಜನರ ಮುಂದೆಯೂ ಇದ್ದದ್ದು ಒಂದೇ ನಲ್. ಕಾಡ್ ತಮ್ಮ 1990ರ ಪುಸ್ತಕದಲ್ಲಿ ಇಂಥ ಖಾಲಿಗೆ ಎರಡು ಗುರುತು ಬೇಕೆಂದು ವಾದಿಸಿದ್ದರು. ಇರಬೇಕಾದ್ದು ಆದರೆ ಸದ್ಯಕ್ಕೆ ತಿಳಿಯದ್ದು ಒಂದು, ಆ ವ್ಯಕ್ತಿಗೆ ಅನ್ವಯವೇ ಆಗದ್ದು ಇನ್ನೊಂದು. ಎಸ್‌ಕ್ಯುಎಲ್ ಅದನ್ನು ತೆಗೆದುಕೊಳ್ಳಲಿಲ್ಲ, ಒಂದರಲ್ಲೇ ನಿಂತಿತು. ಕಾರ್ಯದರ್ಶಿಯವರ ಬೆರಳ ಕೆಳಗೆ ಅದು ಒಂಬತ್ತಾಗುತ್ತಿತ್ತು.

ಕೊನೆಯ ಹೆಸರು 142. ಅವರ ಎರಡು ಹಸುಗಳಲ್ಲಿ ಒಂದನ್ನು ತಮ್ಮನ ಮನೆಗೆ ಕೊಟ್ಟದ್ದು, ಇನ್ನೊಂದು ತುಂಬಿದ ಗಬ್ಬವೆಂದು ಕರೆಯುವುದನ್ನು ನಿಲ್ಲಿಸಿದ್ದು ನನಗೂ ಗೊತ್ತಿತ್ತು. ಕಾರ್ಯದರ್ಶಿಯವರು ಬೆರಳನ್ನು ಅಲ್ಲೇ ಇಟ್ಟುಕೊಂಡು ತಲೆಯೆತ್ತಿದರು.

"ಇದನ್ನ ಹೊಡೆದು ಹಾಕಬೇಡಿ ಮೇಡಂ. ನಿನ್ನೆ ರಾತ್ರಿ ಕರು ಹಾಕೈತೆ, ಹೆಣ್ಣು. ಇನ್ನೊಂದು ವಾರ ಗಿಣ್ಣು, ಆಮೇಲೆ ಬರ್ತಾರೆ."

ಅಡುಗೆಮನೆಯ ಬಟ್ಟಲೊಂದನ್ನು ಮೇಜಿನ ಕೆಳಗಿನಿಂದ ತೆಗೆದು ನನ್ನ ಮುಂದಿಟ್ಟರು. ಬೆಳಗ್ಗೆ ಆ ಅಮ್ಮ ಕಳಿಸಿದ್ದ ಗಿಣ್ಣು, ಏಲಕ್ಕಿ ಹಾಕಿದ್ದು, ಇನ್ನೂ ಮೆತ್ತಗಿತ್ತು.